ಮುಂದಿನ ನಿಲ್ದಾಣವನ್ನಷ್ಟೇ ಬಲ್ಲ ಯಂತ್ರ

ಗಣಕಜಾಲಗಳು ಒಂದನ್ನೊಂದು ಸಂಧಿಸುವ ಎಡೆಯಲ್ಲಿ ಕುಳಿತು, ಬಂದ ಸಂದೇಶಕ್ಕೆ ದಾರಿ ತೋರುವ ರೂಟರ್ ಎಂಬ ಯಂತ್ರವನ್ನು ಕುರಿತು ಶ್ರೋತೃಗಳೊಡನೆ ನಾಲ್ಕು ಮಾತನಾಡಬೇಕೆಂದಿದ್ದೇನೆ. ಅದಕ್ಕೆ ದಾರಿಗಳನ್ನು ಬರೆದುಕೊಡುವುದು ನನ್ನ ಕಸುಬು. ದಾರಿ ತೋರುವವನಿಗೆ ದಾರಿಯೆಲ್ಲ ತಿಳಿದಿರಬೇಕೆಂದು ನಾವು ಭಾವಿಸುತ್ತೇವೆ. ಈ ಯಂತ್ರಕ್ಕಾದರೋ ತಿಳಿದಿರುವುದು ಮುಂದಿನ ಒಂದು ನಿಲ್ದಾಣ ಮಾತ್ರ.

ನಾವು ಕಳಿಸುವ ಪತ್ರವಾಗಲಿ ಚಿತ್ರವಾಗಲಿ, ಪ್ಯಾಕೆಟ್ ಎಂಬ ಸಣ್ಣ ಕಟ್ಟುಗಳಾಗಿ ಹೊರಡುತ್ತದೆ. ಪ್ರತಿ ಕಟ್ಟಿನ ಮೇಲೂ ಹೊರಟ ವಿಳಾಸ, ಸೇರಬೇಕಾದ ವಿಳಾಸ ಎರಡೂ ಇರುತ್ತವೆ. 1981ರಲ್ಲಿ ಪ್ರಕಟವಾಗಿ ಇಂದಿಗೂ ಬಳಕೆಯಲ್ಲಿರುವ ನಿಯಮದಂತೆ, ಈ ವಿಳಾಸವು 32 ಬಿಟ್‌ಗಳ ಒಂದು ಸಂಖ್ಯೆ. ರೂಟರ್ ತನ್ನ ಪಟ್ಟಿಯಲ್ಲಿ ಆ ವಿಳಾಸಕ್ಕೆ ಅತ್ಯಂತ ನಿರ್ದಿಷ್ಟವಾಗಿ ಹೊಂದುವ ಸಾಲನ್ನು ಹುಡುಕಿ, ಅಲ್ಲಿ ಸೂಚಿಸಿದ ನೆರೆಯ ರೂಟರಿಗೆ ಕಟ್ಟನ್ನು ಒಪ್ಪಿಸುತ್ತದೆ. ಮುಂದಿನದು ನೆರೆಯದರ ಹೊಣೆ. ದಾರಿ ತಪ್ಪಿದ ಕಟ್ಟು ಸದಾ ಸುತ್ತುತ್ತಿರಬಾರದೆಂದು ಅದರ ಮೇಲೊಂದು ಆಯುಸ್ಸನ್ನೂ ಬರೆದಿರುತ್ತದೆ. ಅದು 255ನ್ನು ಮೀರದು. ಒಂದೊಂದು ರೂಟರನ್ನು ದಾಟಿದಾಗಲೂ ಒಂದು ಕಳೆಯುತ್ತ ಹೋಗಿ, ಸೊನ್ನೆಯಾದಲ್ಲಿ ಕಟ್ಟು ಅಳಿಯುತ್ತದೆ.

ಎರಡು ಊರುಗಳಲ್ಲಿ ಶಾಖೆಗಳಿರುವ ಒಂದು ಸಂಸ್ಥೆಯನ್ನು ಊಹಿಸಿಕೊಳ್ಳಿ. ಒಳಗೆ ಅವರು ಬಳಸುವ, 10ರಿಂದ ಮೊದಲಾಗುವ ಖಾಸಗಿ ವಿಳಾಸಗಳನ್ನು ಹೊರಗಿನ ಜಾಲ ಅರಿಯದು. ಆಗ ನಾವು ಎರಡು ಊರುಗಳ ನಡುವೆ ಸುರಂಗವನ್ನು ಕಟ್ಟುತ್ತೇವೆ. ಹೆಸರಿಗೆ ಸುರಂಗವಾದರೂ ನೆಲ ಅಗೆಯುವುದಿಲ್ಲ. ಇದು ಲಕೋಟೆಯೊಳಗೊಂದು ಲಕೋಟೆ. ಹೊರಗಿನದರ ಮೇಲೆ ಎರಡೂ ತುದಿಯ ರೂಟರುಗಳ ವಿಳಾಸ, ಒಳಗೆ ಮೂಲ ಕಟ್ಟು. ಜಿಆರ್‌ಇ ಎಂಬ ಸರಳ ಬಗೆಯ ಸುರಂಗದಲ್ಲಿ ಈ ಹೊರಲಕೋಟೆಗೆ 24 ಬೈಟುಗಳು ಬೇಕು. 1500 ಬೈಟುಗಳನ್ನು ಸಾಗಿಸುವ ತಂತಿಯಲ್ಲಿ ಒಳಗಿನ ಕಟ್ಟಿಗೆ ಉಳಿಯುವುದು 1476. ಇದನ್ನು ಲೆಕ್ಕಿಸದಿದ್ದರೆ ಸಣ್ಣ ಪತ್ರಗಳು ಹೋಗುತ್ತವೆ, ದೊಡ್ಡವು ನಡುವೆ ಸಿಕ್ಕಿಕೊಳ್ಳಬಹುದು.

ಇನ್ನೆರಡು ಎಚ್ಚರಗಳುಂಟು. ಈ ಲಕೋಟೆ ಮುಚ್ಚಿದೆ, ಆದರೆ ಬೀಗ ಹಾಕಿಲ್ಲ. ಗುಟ್ಟು ಕಾಯಬೇಕಾದರೆ ಐಪಿಸೆಕ್‌ನಂಥ ಗೂಢಲಿಪಿಯ ವ್ಯವಸ್ಥೆಯನ್ನು ಬೇರೆಯಾಗಿ ಸೇರಿಸಬೇಕು. ಎರಡನೆಯದು, ಸುರಂಗದ ಆಚೆಯ ಬಾಯಿಗೆ ಹೋಗುವ ದಾರಿಯನ್ನು ಸುರಂಗದ ಮೂಲಕವೇ ಬರೆಯಬಾರದು. ಬರೆದರೆ ತನ್ನ ಹೆಗಲನ್ನು ತಾನೇ ಏರಹೊರಟವನ ಪಾಡಾಗಿ ಸುರಂಗ ಕುಸಿಯುತ್ತದೆ. ಆ ಒಂದು ವಿಳಾಸಕ್ಕೆ ಹೊರಗಿನ ನಿಜವಾದ ತಂತಿಯನ್ನೇ ಮೊದಲು ತೋರಿಸಿರಬೇಕು.

ಒಂದು ಸಂಸ್ಥೆಯೊಳಗಿನ ಇಂಥ ತಪ್ಪು ಸಾಮಾನ್ಯವಾಗಿ ಅಲ್ಲಿಗೇ ನಿಲ್ಲುತ್ತದೆ. ಆದರೆ ದೊಡ್ಡ ಜಾಲಗಳ ರೂಟರುಗಳು ತಮಗೆ ತಿಳಿದ ದಾರಿಗಳನ್ನು ಒಂದಕ್ಕೊಂದು ಸಾರುತ್ತವೆ. 2008ರ ಫೆಬ್ರವರಿ 24ರಂದು ಪಾಕಿಸ್ತಾನ್ ಟೆಲಿಕಾಂ, ತನ್ನ ದೇಶದಲ್ಲಿ ಯೂಟ್ಯೂಬನ್ನು ತಡೆಯುವ ಸರ್ಕಾರದ ಆಜ್ಞೆಯನ್ನು ಪಾಲಿಸಲು ಒಂದು ಸುಳ್ಳುದಾರಿಯನ್ನು ಬರೆಯಿತು. ದೇಶದೊಳಗೇ ಉಳಿಯಬೇಕಾಗಿದ್ದ ಆ ಸಾಲು ಹೊರನಾಡಿನ ಒಂದು ಸಂಪರ್ಕಸಂಸ್ಥೆಯ ಮೂಲಕ ಜಗತ್ತಿಗೆಲ್ಲ ಹಬ್ಬಿತು. ಯೂಟ್ಯೂಬ್ ತನ್ನ 1024 ವಿಳಾಸಗಳನ್ನು ಒಂದೇ ಸಾಲಿನಲ್ಲಿ ಸಾರಿತ್ತು. ಸುಳ್ಳುಸಾಲು ಅವುಗಳಲ್ಲಿ 256ನ್ನು ಮಾತ್ರ ಹೇಳಿತು. ಹೆಚ್ಚು ನಿರ್ದಿಷ್ಟವಾದುದೇ ಗೆಲ್ಲುವುದೆಂಬುದು ನಿಯಮವಷ್ಟೆ! ಸುಮಾರು 2 ಗಂಟೆಗಳ ಕಾಲ ಜಗತ್ತಿನ ಬಹುಭಾಗಕ್ಕೆ ಯೂಟ್ಯೂಬ್ ಕಾಣದಾಯಿತು.

ಅಂದು ಯಾವ ಯಂತ್ರವೂ ಕೆಟ್ಟಿರಲಿಲ್ಲ. ನೆರೆಯವರು ಹೇಳಿದುದನ್ನು ಅವು ನಂಬಿದವು, ಅಷ್ಟೆ. ವಿಳಾಸಗಳ ಒಡೆಯನು ಯಾರೆಂಬುದನ್ನು ಗೂಢಲಿಪಿಯ ಸಹಿಯಿಂದ ಪರೀಕ್ಷಿಸುವ ವ್ಯವಸ್ಥೆ ಈಚೆಗೆ ಬಂದಿದೆ; ಎಲ್ಲ ಜಾಲಗಳೂ ಅದನ್ನಿನ್ನೂ ಅನುಸರಿಸುತ್ತಿಲ್ಲ. ಆದುದರಿಂದ ಪಟ್ಟಿಗೊಂದು ಸಾಲನ್ನು ಸೇರಿಸುವಾಗ ನಾನು ಕೇಳಿಕೊಳ್ಳುವುದು ಎರಡು ಪ್ರಶ್ನೆಗಳನ್ನು: ಈ ಮಾತು ನಿಜವೆ? ನಿಜವಾದರೂ, ಇದು ಎಲ್ಲಿ ನಿಲ್ಲಬೇಕು?