ಪಿಟೀಲು ಬಿಟ್ಟು ವಯೋಲಾ: ಇದು ಹಿಂಬಡ್ತಿನಾ?

ಇವತ್ತಿನ ಸಂಚಿಕೆ ಒಂದು ಇ-ಮೇಲ್‌ನಿಂದ ಶುರುವಾಗುತ್ತೆ.

ನ್ಯೂಜೆರ್ಸಿಯಲ್ಲಿರುವ ನಮ್ಮ ಕೇಳುಗರೊಬ್ಬರು ಬರೆದಿದ್ದಾರೆ. ಮೂಲ ಮೈಸೂರು. ಮಗಳಿಗೆ ಹನ್ನೆರಡು ವರ್ಷ, ಐದು ವರ್ಷದಿಂದ ಪಿಟೀಲು ಕಲಿಯುತ್ತಿದ್ದಾಳೆ. ಶಾಲೆಯ ಆರ್ಕೆಸ್ಟ್ರಾದಲ್ಲಿ ನುಡಿಸುತ್ತಾಳೆ, ಭಾನುವಾರ ಬೆಳಿಗ್ಗೆ ಆನ್‌ಲೈನ್‌ನಲ್ಲಿ ಕರ್ನಾಟಕ ಸಂಗೀತದ ಪಾಠ. ಹೋದ ತಿಂಗಳು ಶಾಲೆಯ ಮೇಷ್ಟ್ರು ಕರೆದು, ‘ನೀನು ವಯೋಲಾಗೆ ಬರ್ತೀಯಾ? ನಮಗೆ ಅಲ್ಲಿ ಜನ ಕಡಿಮೆ’ ಅಂದರಂತೆ. ಹುಡುಗಿ ಮನೆಗೆ ಬಂದು ಅತ್ತಿದ್ದಾಳೆ. ತಾಯಿಯ ಪ್ರಶ್ನೆ ಇದು: ‘ಚೆನ್ನಾಗಿ ನುಡಿಸದವರನ್ನ ವಯೋಲಾಗೆ ಹಾಕ್ತಾರೆ ಅಂತ ಕೇಳಿದೀನಿ. ಇದು ಹಿಂಬಡ್ತಿ ಅಲ್ವಾ? ಮೈಸೂರಲ್ಲಿರೋ ಅವಳ ತಾತನಿಗೆ ಏನಂತ ಹೇಳಲಿ?’

ಮೊದಲು ಒಂದು ಮಾತು. ನಿಮ್ಮ ಭಯ ಸುಮ್ಮನೆ ಹುಟ್ಟಿದ್ದಲ್ಲ. ಈ ಅಪವಾದಕ್ಕೆ ಇನ್ನೂರೈವತ್ತು ವರ್ಷಕ್ಕೂ ಮೀರಿದ ಇತಿಹಾಸ ಇದೆ. ಜರ್ಮನಿಯ ಕ್ವಾಂಟ್ಸ್ ಎನ್ನುವ ಕೊಳಲುವಾದಕ 1752ರಲ್ಲಿ ಸಂಗೀತ ಕಲಿಕೆಯ ಬಗ್ಗೆ ಒಂದು ಪುಸ್ತಕ ಬರೆದ. ವಯೋಲಾವನ್ನು ಜನ ಹಗುರವಾಗಿ ನೋಡುತ್ತಾರೆ, ಹೊಸಬರನ್ನೋ ಪ್ರತಿಭೆ ಇಲ್ಲದವರನ್ನೋ ಅಲ್ಲಿ ಕೂರಿಸುತ್ತಾರೆ ಅಂತ ಅವನೇ ಅದರಲ್ಲಿ ಒಪ್ಪಿಕೊಂಡಿದ್ದಾನೆ. ಆದರೆ ಆ ಮಾತನ್ನು ಅಲ್ಲಿಗೇ ಬಿಡಲಿಲ್ಲ. ಇಡೀ ಮೇಳ ಚೆನ್ನಾಗಿ ಕೇಳಬೇಕು ಅಂದ್ರೆ ವಯೋಲಾದವರು ಎರಡನೇ ಪಿಟೀಲಿನವರಷ್ಟೇ ಸಮರ್ಥರಾಗಿರಬೇಕು ಅಂತಲೂ ಹೇಳಿದ. ಜನ ಮೊದಲನೆಯದನ್ನು ನೆನಪಿಟ್ಟುಕೊಂಡರು, ಎರಡನೆಯದನ್ನು ಮರೆತರು.

ಹಾಗಾದರೆ ಈ ವಾದ್ಯ ನಿಜಕ್ಕೂ ಏನು? ನೋಡೋಕೆ ಪಿಟೀಲಿನ ಹಾಗೇ ಇದೆ. ಅದೇ ಆಕಾರ, ಅದೇ ನಾಲ್ಕು ತಂತಿ, ಗದ್ದದ ಕೆಳಗೇ ಹಿಡಿಯುವುದು. ದೂರದಿಂದ ನೋಡಿದರೆ ಸ್ವಲ್ಪ ದೊಡ್ಡ ಪಿಟೀಲು ಅಂತಲೇ ಅಂದುಕೊಳ್ಳುತ್ತೀರಿ.

ತಂತಿಗಳಿಂದ ಶುರು ಮಾಡೋಣ. ಪಾಶ್ಚಾತ್ಯ ಪದ್ಧತಿಯಲ್ಲಿ ಪಿಟೀಲಿನ ತಂತಿಗಳು ಕೆಳಗಿನಿಂದ ಮೇಲಕ್ಕೆ ಜಿ, ಡಿ, ಎ, ಇ. ಒಂದು ತಂತಿಯಿಂದ ಮುಂದಿನ ತಂತಿಗೆ ನಮ್ಮ ‘ಸಾ’ದಿಂದ ‘ಪಾ’ಗೆ ಇರುವಷ್ಟು ಅಂತರ. ವಯೋಲಾದಲ್ಲಿ ಸಿ, ಜಿ, ಡಿ, ಎ. ಗಮನಿಸಿದಿರಾ? ಮೂರು ತಂತಿ ಎರಡರಲ್ಲೂ ಒಂದೇ. ಮೇಲಿನ ಇ ಹೋಗಿದೆ, ಕೆಳಗೆ ಒಂದು ಸಿ ಬಂದಿದೆ. ಇ ಅಂದರೆ ಪಿಟೀಲಿನ ಆ ಮಿಂಚುವ, ಚುರುಕು ದನಿ. ಬದಲಿಗೆ ಸಿಕ್ಕ ಸಿ ತಂತಿಯ ಕಂಪನ ಸೆಕೆಂಡಿಗೆ ಸುಮಾರು 131. ಗಂಡಸರ ಎದೆಯಿಂದ ಬರುವ ದನಿಯ ಆಳ ಅದಕ್ಕಿದೆ.

ಇದೇ ನಾಲ್ಕು ತಂತಿಗಳನ್ನು ಪೂರ್ತಿ ಒಂದು ಸ್ಥಾಯಿ ಕೆಳಗಿಳಿಸಿದರೆ ಅದು ಸೆಲ್ಲೊ. ಇನ್ನೂ ಕೆಳಗೆ ಡಬಲ್ ಬೇಸ್. ಅದರ ಲೆಕ್ಕ ಬೇರೆ, ಅಲ್ಲಿ ತಂತಿಗಳ ನಡುವೆ ‘ಸಾ’ದಿಂದ ‘ಮಾ’ ಅಂತರ.

ಈಗ ಕಥೆಯ ತಿರುಳಿಗೆ ಬರ್ತೀನಿ. ಪಿಟೀಲಿನ ಪೆಟ್ಟಿಗೆಯ ಉದ್ದ ಸುಮಾರು 35.5 ಸೆಂಟಿಮೀಟರ್. ದನಿ ‘ಪಾ’ದಿಂದ ‘ಸಾ’ಗೆ ಇಳಿಯಬೇಕಾದರೆ ಅಲೆಯ ಉದ್ದ ಒಂದೂವರೆ ಪಟ್ಟು ಆಗುತ್ತೆ. ಪೆಟ್ಟಿಗೆಯನ್ನೂ ಅದೇ ಲೆಕ್ಕದಲ್ಲಿ ಬೆಳೆಸಿದರೆ ವಯೋಲಾದ ಉದ್ದ 53 ಸೆಂಟಿಮೀಟರ್ ಆಗಬೇಕು. ಆದರೆ ನಿಜವಾದ ವಯೋಲಾಗಳು ಸಾಮಾನ್ಯವಾಗಿ 38ರಿಂದ 43 ಸೆಂಟಿಮೀಟರ್, ಅಷ್ಟೇ. ಯಾಕೆ? ಮನುಷ್ಯರ ತೋಳು ಅಷ್ಟೇ ಉದ್ದ. 53 ಸೆಂಟಿಮೀಟರಿನ ಪೆಟ್ಟಿಗೆಯನ್ನು ಭುಜದ ಮೇಲಿಟ್ಟು ಎಡಗೈ ಚಾಚಿ ಬೆರಳಾಡಿಸೋಕೆ ಆಗಲ್ಲ.

ಸೆಲ್ಲೊಗೆ ಈ ಕಷ್ಟ ಇಲ್ಲ. ಅದು ನೆಲದ ಮೇಲೆ ಊರಿಕೊಂಡು ನಿಂತಿದೆ, ಪೆಟ್ಟಿಗೆಯೂ ಒಳ್ಳೇ ಆಳವಾಗಿದೆ. ವಯೋಲಾ ಮಾತ್ರ ಮಧ್ಯದಲ್ಲಿ ಸಿಕ್ಕಿಹಾಕಿಕೊಂಡಿತು. ಕೆಳಗಿನ ದನಿ ಬೇಕು, ಆದರೆ ದೊಡ್ಡ ಮೈ ಬೇಡ.

ಇದರ ಪರಿಣಾಮ ಕಿವಿಗೆ ಗೊತ್ತಾಗುತ್ತೆ. ಒಳ್ಳೆ ಪಿಟೀಲಿನಲ್ಲಿ ಪೆಟ್ಟಿಗೆಯ ಮರ ಮತ್ತು ಒಳಗಿನ ಗಾಳಿ ಅತಿ ಹೆಚ್ಚು ಅನುರಣಿಸುವ ಜಾಗಗಳು ನಡುವಿನ ಎರಡು ತಂತಿಗಳ ಹತ್ತಿರ ಬೀಳುತ್ತವೆ. ತಂತಿಗೂ ಪೆಟ್ಟಿಗೆಗೂ ಹೊಂದಾಣಿಕೆ ಇದೆ. ವಯೋಲಾದ ಪೆಟ್ಟಿಗೆ ತನ್ನ ತಂತಿಗಳಿಗೆ ಚಿಕ್ಕದಾದ್ದರಿಂದ ಆ ಜಾಗಗಳು ಮೇಲಕ್ಕೆ ಸರಿದಿವೆ. ಹಾಗಾಗಿ ಕೆಳಗಿನ ತಂತಿಗೆ ಪೆಟ್ಟಿಗೆಯಿಂದ ಪೂರ್ತಿ ಬೆಂಬಲ ಸಿಗಲ್ಲ. ದನಿಯಲ್ಲಿ ಒಂದು ಮಬ್ಬು, ಸ್ವಲ್ಪ ಮೂಗಿನ ಛಾಯೆ, ಸ್ವಲ್ಪ ಒರಟು. ನಡು ಮಧ್ಯಾಹ್ನದ ಬೆಳಕು ಅಲ್ಲ ಅದು, ದೀಪ ಹಚ್ಚುವ ಹೊತ್ತಿನದು.

ಒಂದು ಕೊರತೆ, ಅದರಿಂದಲೇ ಒಂದು ಗುಣ. ಇದನ್ನು ಪರೀಕ್ಷೆ ಮಾಡಿ ನೋಡಿದವರೂ ಇದ್ದಾರೆ. ಅವರು ನಿಮ್ಮ ನ್ಯೂಜೆರ್ಸಿಯವರೇ. ಕಾರ್ಲೀನ್ ಹಚಿನ್ಸ್, ಶಾಲೆಯಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದವರು. ವಯೋಲಾ ನುಡಿಸುತ್ತಾ ನುಡಿಸುತ್ತಾ ತಾವೇ ವಾದ್ಯ ತಯಾರಿಸೋಕೆ ಕೂತರು, ಆಮೇಲೆ ಭೌತವಿಜ್ಞಾನಿಗಳ ಜೊತೆ ಸೇರಿ ಪಿಟೀಲು ಕುಟುಂಬದ ಪೆಟ್ಟಿಗೆಗಳನ್ನು ಲೆಕ್ಕದ ಪ್ರಕಾರ ಮರುವಿನ್ಯಾಸ ಮಾಡಿದರು. ಅವರು ಮಾಡಿದ ದೊಡ್ಡ ವಯೋಲಾದ ಪೆಟ್ಟಿಗೆ ಸುಮಾರು 50 ಸೆಂಟಿಮೀಟರ್. ಅದನ್ನು ಸೆಲ್ಲೊ ಹಾಗೆ ನಿಲ್ಲಿಸಿಕೊಂಡು ನುಡಿಸಬೇಕು. ಪ್ರಸಿದ್ಧ ಸೆಲ್ಲೊವಾದಕ ಯೋ-ಯೋ ಮಾ ಬಾರ್ಟೋಕ್‌ನ ವಯೋಲಾ ಕಾನ್ಚೆರ್ಟೊವನ್ನು ಇಂಥ ವಾದ್ಯದಲ್ಲೇ ನುಡಿಸಿ ಧ್ವನಿಮುದ್ರಿಸಿದ್ದಾರೆ. ದನಿ ತುಂಬಿ ಬರುತ್ತೆ, ಅನುಮಾನವೇ ಇಲ್ಲ. ಆದರೂ ಇವತ್ತಿಗೂ ಜಗತ್ತಿನ ಆರ್ಕೆಸ್ಟ್ರಾಗಳಲ್ಲಿ ಕೂತಿರೋದು ಆ ಹಳೆಯ, ಮೈ ಸಾಲದ ವಯೋಲಾನೇ. ಸಂಗೀತಗಾರರು ಆ ಮಬ್ಬನ್ನು ಪ್ರೀತಿಸೋಕೆ ಕಲಿತುಬಿಟ್ಟಿದ್ದರು.

ಯಾರು ಪ್ರೀತಿಸಿದರು ಅಂತ ಕೇಳಿದರೆ ಸಣ್ಣ ಹೆಸರುಗಳಲ್ಲ. ಬಾಖ್‌ಗೆ ವಯೋಲಾ ನುಡಿಸುವುದು ಇಷ್ಟ ಅಂತ ಅವನ ಮಗನೇ ಪತ್ರದಲ್ಲಿ ಬರೆದಿದ್ದಾನೆ. ಬಾಖ್‌ನ ಆರನೇ ಬ್ರಾಂಡೆನ್‌ಬರ್ಗ್ ಕಾನ್ಚೆರ್ಟೊದಲ್ಲಿ ಪಿಟೀಲೇ ಇಲ್ಲ, ಎರಡು ವಯೋಲಾಗಳೇ ಮುಂದೆ. ಬೀಥೋವನ್ ಹುಡುಗನಾಗಿದ್ದಾಗ ಬಾನ್ ಆಸ್ಥಾನದ ವಾದ್ಯಮೇಳದಲ್ಲಿ ವಯೋಲಾ ನುಡಿಸುತ್ತಿದ್ದ. ಡ್ವೋರ್ಝಾಕ್ ಪ್ರಾಗ್‌ನ ರಂಗಮಂದಿರದ ಮೇಳದಲ್ಲಿ ವರ್ಷಗಟ್ಟಲೆ ಅದೇ ಕೆಲಸ ಮಾಡಿದ.

ಮೊಟ್ಸಾರ್ಟ್ 1779ರಲ್ಲಿ ಪಿಟೀಲು, ವಯೋಲಾ ಎರಡಕ್ಕೂ ಸೇರಿ ಒಂದು ಕೃತಿ ಬರೆದ, ಸಿನ್ಫೋನಿಯಾ ಕಾನ್ಚೆರ್ಟಾಂಟೆ. ಅಲ್ಲಿ ಒಂದು ಉಪಾಯ ಮಾಡಿದ್ದಾನೆ. ವಯೋಲಾದ ತಂತಿಗಳನ್ನು ಅರ್ಧ ಸ್ವರ ಏರಿಸಿ ಬಿಗಿ ಮಾಡಿಕೊಳ್ಳಿ ಅಂತ ಸೂಚನೆ. ಬಿಗಿ ಹೆಚ್ಚಾದರೆ ದನಿ ಬೆಳಗುತ್ತೆ, ಪಕ್ಕದ ಪಿಟೀಲಿನ ಎದುರು ಮಂಕಾಗಲ್ಲ. ಎರಡೂ ವಾದ್ಯಗಳು ಒಂದಾದ ಮೇಲೊಂದು ಅದೇ ಮಾತನ್ನು ಹೇಳುತ್ತವೆ. ಅಕ್ಕ ಹೇಳಿದ್ದನ್ನು ಅಣ್ಣ ಇನ್ನೊಂದು ದನಿಯಲ್ಲಿ ಹೇಳಿದ ಹಾಗೆ. ಎರಡನೇ ಭಾಗ ಕೇಳಿ, ನಿಧಾನಗತಿಯದು. ಈ ಎರಡು ವಾದ್ಯಗಳ ವ್ಯತ್ಯಾಸ ಅಲ್ಲಿ ತಾನಾಗಿ ತಿಳಿಯುತ್ತೆ.

ಇನ್ನೊಂದು ಪ್ರಸಂಗ. 1936ರ ಜನವರಿ. ಜರ್ಮನ್ ಸಂಯೋಜಕ ಹಿಂಡೆಮಿತ್ ತನ್ನದೇ ವಯೋಲಾ ಕೃತಿಯನ್ನು ನುಡಿಸೋಕೆ ಲಂಡನ್ನಿಗೆ ಬಂದಿದ್ದ. 20ರ ರಾತ್ರಿ ಐದನೇ ಜಾರ್ಜ್ ದೊರೆ ತೀರಿಕೊಂಡರು. ಕಾರ್ಯಕ್ರಮ ರದ್ದು. ಮಾರನೇ ದಿನ ಬಿಬಿಸಿಯವರು ಅವನನ್ನು ಒಂದು ಕೋಣೆಯಲ್ಲಿ ಕೂರಿಸಿದರು. ಬೆಳಿಗ್ಗೆ ಹನ್ನೊಂದರಿಂದ ಸಂಜೆ ಐದರೊಳಗೆ ಅವನು ವಯೋಲಾ ಮತ್ತು ತಂತಿವಾದ್ಯಗಳಿಗೆ ಒಂದು ಶೋಕಗೀತೆ ಬರೆದ. 22ರಂದು ತಾನೇ ನುಡಿಸಿದ, ರೇಡಿಯೊದಲ್ಲಿ ನೇರ ಪ್ರಸಾರ. ಆ ದುಃಖ ಹೇಳೋಕೆ ವಯೋಲಾದ ದನಿ ಸಾಕಾಯಿತು.

ಈಗ ನಿಮ್ಮ ಮಗಳಿಗೆ ನೇರವಾಗಿ ಸಂಬಂಧಪಟ್ಟ ಕಥೆ. ಲಂಡನ್ನಿನ ರಾಯಲ್ ಕಾಲೇಜ್ ಆಫ್ ಮ್ಯೂಸಿಕ್‌ನಲ್ಲಿ ರೆಬೆಕಾ ಕ್ಲಾರ್ಕ್ ಎನ್ನುವ ಹುಡುಗಿ ಪಿಟೀಲು ನುಡಿಸುತ್ತಾ ಸಂಯೋಜನೆ ಕಲಿಯುತ್ತಿದ್ದಳು. ಅವಳಿಗೂ ಮೇಷ್ಟ್ರು ಇದೇ ಮಾತು ಹೇಳಿದರು, ವಯೋಲಾಗೆ ಬದಲಾಯಿಸು ಅಂತ. ಕಾರಣ ಏನು ಗೊತ್ತಾ? ವಯೋಲಾದವಳು ನಾದದ ನಟ್ಟನಡುವೆ ಕೂತಿರುತ್ತಾಳೆ; ಮೇಲಿನದು, ಕೆಳಗಿನದು ಎರಡೂ ಹೇಗೆ ಕಟ್ಟಿಕೊಳ್ಳುತ್ತಿದೆ ಅಂತ ಒಳಗಿನಿಂದಲೇ ಅವಳಿಗೆ ತಿಳಿಯುತ್ತೆ. ಅವಳು ಬದಲಾಯಿಸಿದಳು. 1912ರಲ್ಲಿ ಲಂಡನ್ನಿನ ಕ್ವೀನ್ಸ್ ಹಾಲ್ ಆರ್ಕೆಸ್ಟ್ರಾ ಮೊದಲ ಸಲ ಹೆಂಗಸರನ್ನು ಸೇರಿಸಿಕೊಂಡಾಗ ಅವರಲ್ಲಿ ಅವಳೂ ಒಬ್ಬಳು.

1919ರಲ್ಲಿ ಅಮೆರಿಕದಲ್ಲಿ ನಡೆದ ಒಂದು ಸಂಯೋಜನಾ ಸ್ಪರ್ಧೆಗೆ ಕ್ಲಾರ್ಕ್ ತನ್ನ ವಯೋಲಾ ಸೊನಾಟಾ ಕಳಿಸಿದಳು. ಯಾರು ಬರೆದದ್ದು ಅಂತ ತೀರ್ಪುಗಾರರಿಗೆ ಗೊತ್ತಿರುವುದಿಲ್ಲ. ಕೊನೆಯಲ್ಲಿ ಎರಡು ಕೃತಿಗಳ ನಡುವೆ ಮತ ಸಮ ಸಮ. ಸ್ಪರ್ಧೆ ನಡೆಸುತ್ತಿದ್ದ ಎಲಿಜಬೆತ್ ಕೂಲಿಜ್ ತಮ್ಮ ಮತವನ್ನು ಇನ್ನೊಂದಕ್ಕೆ ಹಾಕಿದರು. ಅದು ಅರ್ನೆಸ್ಟ್ ಬ್ಲಾಕ್‌ನದು. ಸಮಬಲ ಕೊಟ್ಟ ಕೃತಿ ಒಬ್ಬ ಹೆಂಗಸಿನದು ಅಂತ ಗೊತ್ತಾದಾಗ ತೀರ್ಪುಗಾರರು ಬೆರಗಾದರು. ರೆಬೆಕಾ ಕ್ಲಾರ್ಕ್ ಅನ್ನೋದು ಬ್ಲಾಕ್‌ನದೇ ಗುಪ್ತನಾಮ ಅಂತ ಊಹೆ ಕೂಡ ಹಬ್ಬಿತು! ಇವತ್ತು ಆ ಸೊನಾಟಾ ವಯೋಲಾ ಕಲಿಯುವವರು ತಪ್ಪದೆ ಎದುರಾಗುವ ಕೃತಿಗಳಲ್ಲಿ ಒಂದು.

ಸರಿ, ಇನ್ನು ಮೈಸೂರಿನ ತಾತನ ವಿಷಯ. ಅವರಿಗೆ ಹೀಗೆ ಹೇಳಿ ನೋಡಿ.

ನಮ್ಮ ಪಿಟೀಲು ಈಗಾಗಲೇ ಅರ್ಧ ವಯೋಲಾನೇ. ಹೇಗೆ ಅಂತೀರಾ? ಕರ್ನಾಟಕ ಸಂಗೀತದಲ್ಲಿ ತಂತಿಗಳನ್ನು ಸಾ-ಪಾ-ಸಾ-ಪಾ ಶ್ರುತಿ ಮಾಡ್ತೀವಿ. ಎರಡೂವರೆ ಕಟ್ಟೆ ಶ್ರುತಿಯಾದರೆ ಕೆಳಗಿನ ತಂತಿ ಡಿ ಶಾರ್ಪ್, ಕಂಪನ ಸುಮಾರು 156. ಪಾಶ್ಚಾತ್ಯ ಪಿಟೀಲಿನ ಕೆಳಗಿನ ತಂತಿ 196ಕ್ಕೇ ನಿಲ್ಲುತ್ತೆ. ಅಂದರೆ ನಾವು ಬಿರಡೆ ಸಡಿಲಿಸಿ ವಯೋಲಾದ ಸೀಮೆಯೊಳಗೇ ಇಳಿದಿದ್ದೀವಿ. ಹಾಡುವ ದನಿಯನ್ನು ಹಿಂಬಾಲಿಸಬೇಕಲ್ಲ, ಅದಕ್ಕೆ. ಎಂ. ಬಾಲಮುರಳಿಕೃಷ್ಣ ಅವರಂಥ ವಿದ್ವಾಂಸರು ವಯೋಲಾವನ್ನೇ ಕೈಗೆತ್ತಿಕೊಂಡು ನುಡಿಸಿದ್ದರು.

ವಾದ್ಯವನ್ನೇ ಬದಲಾಯಿಸುವ ಧೈರ್ಯಕ್ಕೂ ನಮ್ಮಲ್ಲೇ ಉದಾಹರಣೆ ಇದೆ. ತಿರುಮಕೂಡಲು ನರಸೀಪುರದ ಟಿ. ಚೌಡಯ್ಯನವರು. ಮೈಕಿಲ್ಲದ ಕಾಲದಲ್ಲಿ ದೊಡ್ಡ ಸಭೆಯ ಹಿಂದಿನ ಸಾಲಿಗೂ ಪಿಟೀಲು ಕೇಳಬೇಕು ಅಂತ ನಾಲ್ಕು ತಂತಿಗೆ ಇನ್ನೂ ಮೂರು ಸೇರಿಸಿ ಏಳು ಮಾಡಿದರು. ಅವರ ಹೆಸರಿನಲ್ಲಿ ಬೆಂಗಳೂರಿನಲ್ಲಿ ಪಿಟೀಲಿನ ಆಕಾರದ ಸಭಾಂಗಣವೇ ಇದೆ. ತಾತನಿಗೆ ಈ ಕಥೆ ಗೊತ್ತೇ ಇರುತ್ತೆ. ಸಂಗೀತ ಕೇಳಿದ್ದನ್ನು ವಾದ್ಯ ಕೊಡದಿದ್ದರೆ ವಾದ್ಯವನ್ನು ಬದಲಾಯಿಸಬೇಕು, ಅದರಲ್ಲಿ ಅವಮಾನ ಏನಿದೆ?

ಇನ್ನು ನಾಲ್ಕು ವ್ಯಾವಹಾರಿಕ ಮಾತು. ಒಂದು, ಅಳತೆ. ಹನ್ನೆರಡು ವರ್ಷದ ಹುಡುಗಿಗೆ ದೊಡ್ಡ ವಯೋಲಾ ಬೇಡ. ತೋಳಿನ ಉದ್ದ ನೋಡಿ ಕೊಡಬೇಕು. ಭುಜ, ಮಣಿಕಟ್ಟು ನೋವು ಅಂದರೆ ‘ಅಭ್ಯಾಸ ಆಗುತ್ತೆ’ ಅಂತ ಸುಮ್ಮನಾಗಬೇಡಿ, ಚಿಕ್ಕದು ಕೇಳಿ. ಭಾನುವಾರದ ಪಾಠಕ್ಕೆ ನೆಲದ ಮೇಲೆ ಕೂತು, ವಾದ್ಯದ ತುದಿಯನ್ನು ಪಾದದ ಮೇಲಿಟ್ಟು ನುಡಿಸುತ್ತಾಳಲ್ಲ, ಅಲ್ಲಿ ಭಾರ ಅಷ್ಟು ಕಾಡುವುದಿಲ್ಲ.

ಎರಡು, ಕಮಾನು. ವಯೋಲಾದ ಕಮಾನು ಪಿಟೀಲಿನದಕ್ಕಿಂತ ಸುಮಾರು ಹತ್ತು ಗ್ರಾಂ ಭಾರ. ತಂತಿಯೂ ದಪ್ಪ, ಮಾತು ಹೊರಡೋಕೆ ಒಂದು ಕ್ಷಣ ಹೆಚ್ಚು ಬೇಕು. ಮೊದಲ ವಾರ ಕೈ ತಡವರಿಸುತ್ತೆ. ಅದು ಅವಳ ತಪ್ಪಲ್ಲ.

ಮೂರು, ಓದುವ ರೀತಿ. ವಯೋಲಾಗೆ ಸ್ವರಲಿಪಿಯಲ್ಲಿ ಬೇರೆಯೇ ಚಿಹ್ನೆ, ಆಲ್ಟೊ ಕ್ಲೆಫ್. ಐದು ಗೆರೆಗಳ ನಡುವಿನ ಗೆರೆಯೇ ಅದಕ್ಕೆ ಆಧಾರ. ಕನ್ನಡ ಓದುವವರು ತೆಲುಗು ಲಿಪಿ ಹಿಡಿದ ಹಾಗೆ, ಸ್ವಲ್ಪ ದಿನ ಗೊಂದಲ, ಆಮೇಲೆ ಸಲೀಸು.

ನಾಲ್ಕು, ಮೇಷ್ಟ್ರನ್ನು ಕೇಳಿ: ವಯೋಲಾ ಪಾಠ ಯಾರು ಹೇಳಿಕೊಡ್ತಾರೆ? ಇಷ್ಟವಾಗದಿದ್ದರೆ ಪಿಟೀಲಿಗೆ ವಾಪಸ್ ಬರಬಹುದಾ? ಇದಕ್ಕೆ ಸರಿಯಾದ ಉತ್ತರ ಸಿಗದಿದ್ದರೆ ಒಪ್ಪಬೇಕಾಗಿಲ್ಲ. ಬರೀ ಖಾಲಿ ಕುರ್ಚಿ ತುಂಬಿಸೋಕೆ ಮಗುವನ್ನು ಎಳೆಯುವುದು ಸರಿಯಲ್ಲ.

ಹಾಗಂತ ಕುರ್ಚಿ ಖಾಲಿ ಇದ್ದದ್ದರಿಂದಲೇ ಬಂದವರೆಲ್ಲ ಸೋತಿಲ್ಲ. ಲಯನೆಲ್ ಟರ್ಟಿಸ್ ಎನ್ನುವ ಇಂಗ್ಲಿಷ್ ವಾದಕ ಪಿಟೀಲು ಬಿಟ್ಟು ವಯೋಲಾ ಹಿಡಿದದ್ದು ಸಹಪಾಠಿಯೊಬ್ಬನ ಚತುರ್ವಾದ್ಯ ಮೇಳಕ್ಕೆ ಒಬ್ಬರು ಕಡಿಮೆ ಬಿದ್ದರು ಅಂತ. ಅದೇ ಟರ್ಟಿಸ್ ಮುಂದೆ ಇಡೀ ಜೀವನ ವಯೋಲಾವನ್ನು ವೇದಿಕೆಯ ಮುಂಭಾಗಕ್ಕೆ ತಂದು ನಿಲ್ಲಿಸಿದ.

ಕೊನೆಯ ಮಾತು ಹುಡುಗಿಗೆ. ಪುಟ್ಟಾ, ನಿರ್ಧಾರ ನಿಂದೇ. ಅದಕ್ಕೆ ಮುಂಚೆ ಒಂದು ಕೆಲಸ ಮಾಡು. ನಾಳೆ ಶಾಲೆಯಲ್ಲಿ ಒಂದು ವಯೋಲಾ ತೊಗೊಂಡು ಆ ಕೆಳಗಿನ ಸಿ ತಂತಿಯ ಮೇಲೆ ಮಾತ್ರ ಕಮಾನು ಎಳೆ. ನಿಧಾನಕ್ಕೆ, ಉದ್ದಕ್ಕೆ. ಗದ್ದಕ್ಕೆ, ಎದೆಗೆ ಆ ನಡುಕ ತಾಗುತ್ತೆ. ಅದು ಹಿಡಿಸಿತಾ, ಇಲ್ವಾ ಅಂತ ನಿನಗೇ ಗೊತ್ತಾಗುತ್ತೆ. ಹಿಡಿಸದಿದ್ದರೆ ಪಿಟೀಲು ಎಲ್ಲಿಗೂ ಹೋಗಲ್ಲ. ಹಿಡಿಸಿದರೆ ತಾತನಿಗೆ ಫೋನ್ ಮಾಡಿ, ಫೋನಿನಲ್ಲೇ ಒಂದು ಸಲ ಕೇಳಿಸು.

ಏನಾಯಿತು ಅಂತ ನಮಗೂ ಬರೆದು ತಿಳಿಸಿ. ಮುಂದಿನ ವಾರ ಮತ್ತೆ ಸಿಗೋಣ. ನಮಸ್ಕಾರ.