ಖಾಲಿ ಸೈಟಿನ ನಿವಾಸಿಗಳು

ಮಳೆ ಹಿಡಿದು ತಿಂಗಳಾದರೆ ಸಾಕು, ಬಡಾವಣೆಯ ಖಾಲಿ ಸೈಟಿನಲ್ಲಿ ಮೊಣಕಾಲೆತ್ತರ ಹಸಿರು. ಅದನ್ನೆಲ್ಲ ಕಳೆ ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತೇವೆ. ಸ್ವಲ್ಪ ಬಗ್ಗಿ ನೋಡೋಣ.

ತುಂಬೆಯನ್ನು ಶಿವಪೂಜೆಗೆ ಬಿಡಿಸುವವರು ಅದರ ಬಿಳಿ ಹೂವನ್ನಷ್ಟೇ ನೋಡಿರುತ್ತಾರೆ. ಕಾಂಡವನ್ನು ಬೆರಳಲ್ಲಿ ಹೊರಳಿಸಿ ನೋಡಿ; ಚೌಕ! ಎಲೆಗಳು ಎದುರುಬದುರು ಜೋಡಿ, ಹೂವಿಗೆ ಅಗಲವಾದ ಕೆಳತುಟಿ. ಇದೇ ಚೌಕ ಕಾಂಡ, ಇದೇ ಜೋಡಿ ಎಲೆ ತುಳಸಿಯಲ್ಲೂ ಉಂಟು, ಪುದೀನದಲ್ಲೂ ಉಂಟು. ಮೂರೂ ಒಂದೇ ಕುಟುಂಬ. ನೆಲನೆಲ್ಲಿಯ ಗುರುತು ಎಲೆಯ ಅಡಿಯಲ್ಲಿದೆ: ಕಡ್ಡಿ ತಿರುಗಿಸಿದರೆ ಪುಟಾಣಿ ಕಾಯಿಗಳ ಸಾಲು. ಉತ್ತರಾಣಿಯನ್ನಂತೂ ಹುಡುಕಬೇಕಿಲ್ಲ, ಅದೇ ಪಂಚೆಗೆ ಅಂಟಿಕೊಂಡು ಮನೆಗೆ ಬರುತ್ತದೆ.

ಇವರ ನಡುವೆ ಹೊರಗಿನವರೂ ಇದ್ದಾರೆ. ಕಾಂಗ್ರೆಸ್ ಗಿಡ, ಲಂಟಾನ ಅಮೆರಿಕ ಖಂಡಗಳಿಂದ ಬಂದವು. ಮಕ್ಕಳು ಮುಟ್ಟಿ ಮುಟ್ಟಿ ಆಡುವ ಮುಟ್ಟಿದರೆ ಮುನಿಯೂ ಅಲ್ಲಿಯದೇ; ನಂಬುವುದು ಕಷ್ಟ! ಅಂದಹಾಗೆ, ಕಾಂಗ್ರೆಸ್ ಗಿಡವನ್ನು ಬರಿಗೈಯಲ್ಲಿ ಕೀಳಬೇಡಿ, ಚರ್ಮ ತುರಿಸೀತು.

ನೆಲಕ್ಕೆ ಹಬ್ಬಿದ ವಿಷ್ಣುಕ್ರಾಂತಿಯ ಪುಟ್ಟ ನೀಲಿ ಹೂ ನೋಡುವ ಆಸೆಯಿದ್ದರೆ ಮಾತ್ರ ಬೆಳಿಗ್ಗೆಯೇ ಹೊರಡಿ. ಬಿಸಿಲೇರಿದರೆ ಅದು ಮುದುಡಿಕೊಳ್ಳುತ್ತದೆ.