ಪರಿಚಯವಿಲ್ಲದ ಊರಿಗೆ ಬಿಡಾರ



ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ನಮ್ಮ ಹಿರಿಯರು ಹೇಳಿದರು. ಅವರ ಕಾಲಕ್ಕೆ ಆ ಎರಡು ಕಷ್ಟಗಳೇ ಸಾಕಾಗಿದ್ದುವೆಂದು ತೋರುತ್ತದೆ. ಈಗ ಮೂರನೆಯದೊಂದನ್ನು ಅವುಗಳ ಪಕ್ಕಕ್ಕೆ ಸೇರಿಸಬಹುದು: ಊರು ಬಿಟ್ಟು ನೋಡು.

ಊರು ಬಿಡುವವರಲ್ಲಿ ಎರಡು ಬಗೆಯುಂಟು. ಹೊಳೆ ಬಂದು ಮನೆ ಮಠ ಕಳೆದುಕೊಂಡವರು, ಸರ್ಕಾರದಿಂದ ವರ್ಗದ ಆಜ್ಞೆ ಪಡೆದವರು, ಇವರಿಗೆ ಹೋಗುವುದೋ ಬಿಡುವುದೋ ಎಂಬ ಪ್ರಶ್ನೆಯೇ ಇಲ್ಲ. ಅವರ ಕಷ್ಟ ದೊಡ್ಡದು. ಆದರೆ ಅದರಲ್ಲಿ ಚರ್ಚೆಗೆ ಎಡೆಯಿಲ್ಲ. ‘ನಿಮ್ಮ ಇಷ್ಟ, ಹೋಗುವುದಾದರೆ ಹೋಗಿ, ಇರುವುದಾದರೆ ಇರಿ’ ಎಂದು ಹೇಳಿಸಿಕೊಂಡವರ ಪಾಡು ಬೇರೆ. ಆಯ್ಕೆ ತಮ್ಮದಾದುದರಿಂದ ತಪ್ಪೂ ತಮ್ಮದೇ ಆಗುವುದೆಂಬ ಭಯ ಅವರನ್ನು ಬಿಡುವುದಿಲ್ಲ. ಅಂಥ ಸಂಕಟಕ್ಕೆ ನಾವು ಸಿಕ್ಕಿದ ಬಗೆಯನ್ನೂ ಅದರಿಂದ ಕಲಿತುದನ್ನೂ ಇಂದು ತಮ್ಮಲ್ಲಿ ಅರಿಕೆ ಮಾಡಬೇಕೆಂದಿದ್ದೇವೆ.

ನಮ್ಮದು ನಾಲ್ವರ ಸಂಸಾರ. ದಂಪತಿಗಳು ನಾವಿಬ್ಬರು, ಎಂಟನೆಯ ತರಗತಿಯಲ್ಲಿ ಓದುತ್ತಿದ್ದ ಮಗಳು, ಎಪ್ಪತ್ತು ದಾಟಿದ ತಾಯಿಯವರು. ಬೆಂಗಳೂರಿನ ಒಂದೇ ಮನೆಯಲ್ಲಿ 31 ವರ್ಷ ಕಳೆದಿದ್ದೆವು. ಕಾರ್ತಿಕ ಮಾಸದಲ್ಲಿ ಒಂದು ದಿನ ಕಚೇರಿಯ ಮೇಲಧಿಕಾರಿಗಳು ಕರೆದು, ದಾವಣಗೆರೆಯ ಶಾಖೆಯನ್ನು ವಹಿಸಿಕೊಳ್ಳಲು ಇಷ್ಟವುಂಟೇ ಎಂದು ಕೇಳಿದರು. ಏಪ್ರಿಲ್ ತಿಂಗಳ ಕೊನೆಯೊಳಗೆ ಉತ್ತರ ಕೊಟ್ಟರೆ ಸಾಕೆಂದರು. ದಾವಣಗೆರೆಯಲ್ಲಿ ನಮಗೆ ನೆಂಟರಿಲ್ಲ, ಸ್ನೇಹಿತರಿಲ್ಲ. ಹುಬ್ಬಳ್ಳಿಗೆ ಹೋಗುವಾಗ ರೈಲಿನ ಕಿಟಕಿಯಿಂದ ಮಂಡಕ್ಕಿ ಕೊಂಡುದಷ್ಟೇ ಆ ಊರಿನೊಡನೆ ನಮಗಿದ್ದ ಪರಿಚಯ.

ಆ ರಾತ್ರಿ ಎಲ್ಲರೂ ಮಾಡುವುದನ್ನೇ ನಾವೂ ಮಾಡಿದೆವು. ಒಂದು ಹಾಳೆಯ ನಡುವೆ ಗೆರೆ ಎಳೆದು, ಎಡಗಡೆ ಲಾಭ, ಬಲಗಡೆ ನಷ್ಟ ಎಂದು ಬರೆದೆವು. ಬೆಂಗಳೂರಿನ ಬೀದಿಗಳಲ್ಲಿ ದಿನವೂ ಕಳೆಯುತ್ತಿದ್ದ ಎರಡೂವರೆ ಗಂಟೆ ಉಳಿಯುವುದು, ಸಂಬಳ ತುಸು ಏರುವುದು, ಖರ್ಚು ಇಳಿಯುವುದು. ಮಗಳ ಶಾಲೆ ತಪ್ಪುವುದು, ಬಂಧುಬಳಗ ದೂರವಾಗುವುದು. ಹಾಳೆ ತುಂಬಿತು. ಓದಿ ಹೇಳಿದಾಗ ತಾಯಿಯವರು ಎಲ್ಲವನ್ನೂ ಕೇಳಿ, ‘ಇದರಲ್ಲಿ ನನ್ನ ಲೆಕ್ಕ ಯಾವ ಕಡೆ ಬರೆದಿದ್ದೀರಪ್ಪ?’ ಎಂದರು. ನಾವು ಹಾಳೆಯನ್ನು ನೋಡಿದೆವು. ಅವರ ಹೆಸರು ಎರಡು ಕಡೆಯೂ ಇರಲಿಲ್ಲ.

ಅವರಿಗೆ ಗ್ಲಾಕೋಮ ಎಂಬ ಕಣ್ಣಿನ ರೋಗವುಂಟು. ಕಣ್ಣಿನೊಳಗಿನ ಒತ್ತಡ ಹೆಚ್ಚಿ ನರ ಸವೆಯುತ್ತ, ನೋಟ ಸಾಮಾನ್ಯವಾಗಿ ಅಂಚಿನಿಂದ ಒಳಕ್ಕೆ ಕುಗ್ಗುತ್ತ ಬರುತ್ತದೆ. ಔಷಧದಿಂದ ಉಳಿದುದನ್ನು ಕಾಪಾಡಿಕೊಳ್ಳಬಹುದೇ ಹೊರತು ಹೋದುದು ಮರಳಿ ಬಾರದು. ಬೆಂಗಳೂರಿನ ಮನೆಯಲ್ಲಿ ಅವರು ನಡೆಯುತ್ತಿದ್ದುದು ಕಣ್ಣಿನಿಂದಲ್ಲ, ಅಭ್ಯಾಸದಿಂದ. ದೇವರ ಮನೆಯ ಹೊಸ್ತಿಲು, ಅಡುಗೆಮನೆಯ ಕಟ್ಟೆ, ತುಳಸಿಯ ಬಳಿಯ ಮೂರು ಮೆಟ್ಟಿಲು, ಎಲ್ಲವೂ ಅವರ ಕೈಗೂ ಕಾಲಿಗೂ ತಿಳಿದಿದ್ದುವು. ಊರು ಬಿಟ್ಟರೆ ಅತಿ ಹೆಚ್ಚು ಕಳೆದುಕೊಳ್ಳುವವರು ಅವರೇ. ಅವರನ್ನೇ ನಾವು ಮರೆತಿದ್ದೆವು. ಆ ಹಾಳೆಯನ್ನು ಮಡಿಸಿಟ್ಟು, ಊರನ್ನು ಕುರಿತು ತಿಳಿಯಲು ಹೊರಟೆವು.

ದಾವಣಗೆರೆ ಒಂದು ಕಾಲಕ್ಕೆ ಬೇತೂರಿನ ಮಗ್ಗುಲಲ್ಲಿದ್ದ ಸಣ್ಣ ಹಳ್ಳಿ. ಹೈದರಾಲಿಯು ಅದನ್ನು ಅಪ್ಪಾಜಿರಾಮನೆಂಬ ಮರಾಠಾ ಸರದಾರನಿಗೆ ಜಹಗೀರಾಗಿ ಕೊಟ್ಟನು. ಆತನು ವರ್ತಕರನ್ನು ಕರೆದು ನೆಲೆಗೊಳಿಸಿದನು. ಊರು ಬೆಳೆದುದು ಹೊರಗಿನಿಂದ ಬಂದು ಅಂಗಡಿ ಇಟ್ಟವರಿಂದ. ಇದನ್ನು ಓದಿದಾಗ ನಮಗೆ ತುಸು ಧೈರ್ಯವಾಯಿತು. ಮುಂದೆ ಹತ್ತಿಯ ವ್ಯಾಪಾರ ಬಂದಿತು, ಗಿರಣಿಗಳು ಎದ್ದುವು, ಕರ್ಣಾಟಕದ ಮ್ಯಾಂಚೆಸ್ಟರ್ ಎಂಬ ಹೆಸರು ಬಂದಿತು. ಆಮೇಲೆ ಗಿರಣಿಗಳು ಒಂದೊಂದಾಗಿ ಮುಚ್ಚಿದುವು. ನೆರೆಯ ಹರಿಹರದಲ್ಲಿ 1941ರಲ್ಲಿ ಸ್ಥಾಪಿತವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯೂ ಈ ಶತಮಾನದ ಆರಂಭದಲ್ಲಿ ನಿಂತುಹೋಯಿತು. ಅಷ್ಟರಲ್ಲಿ ವಿದ್ಯೆಯು ಹತ್ತಿಯ ಜಾಗಕ್ಕೆ ಬಂದಿತ್ತು. ವೈದ್ಯಕೀಯ ಕಾಲೇಜು 1965ರಲ್ಲಿಯೂ, ಒಂದು ಎಂಜಿನಿಯರಿಂಗ್ ಕಾಲೇಜು 1979ರಲ್ಲಿಯೂ ಪ್ರಾರಂಭವಾದುವು. 1997ರಲ್ಲಿ ಊರು ಜಿಲ್ಲೆಯ ಮುಖ್ಯಸ್ಥಳವಾಯಿತು. 2009ರಲ್ಲಿ ವಿಶ್ವವಿದ್ಯಾನಿಲಯ ಬಂದಿತು. 2011ರ ಜನಗಣತಿಯಂತೆ ಊರಿನ ಜನಸಂಖ್ಯೆ ಸುಮಾರು 4 ಲಕ್ಷ 35 ಸಾವಿರ. ಅದೇ ಗಣತಿಯಲ್ಲಿ ಬೆಂಗಳೂರಿನದು 84 ಲಕ್ಷ.

ಗಿರಣಿಗಳ ಈ ಕಥೆಯಿಂದ ಮಧ್ಯಮಗಾತ್ರದ ಊರನ್ನು ಅಳೆಯುವ ಒಂದು ಕ್ರಮ ನಮಗೆ ದೊರೆಯಿತು. ದೊಡ್ಡ ನಗರದಲ್ಲಿ ಯಾವುದೇ ವಸ್ತುವಾಗಲಿ ಒಂದಕ್ಕೆ ಹತ್ತುಂಟು. ಹಳ್ಳಿಯಲ್ಲಿ ಇಲ್ಲವೆಂಬುದು ಮೊದಲೇ ಗೊತ್ತು. ಮಧ್ಯಮಗಾತ್ರದ ಊರಿನಲ್ಲಿ ಎಲ್ಲವೂ ಇರುವಂತೆ ತೋರುತ್ತದೆ. ವಿಚಾರಿಸಬೇಕಾದುದು ಎರಡನೆಯದುಂಟೇ ಎಂದು. ಈ ಕೆಲಸ ಹೋದರೆ ಇದೇ ಕಸುಬಿನ ಇನ್ನೊಂದು ಕೆಲಸವುಂಟೇ? ಈ ಶಾಲೆ ಮಗುವಿಗೆ ಹಿಡಿಸದಿದ್ದರೆ ಇನ್ನೊಂದುಂಟೇ? ಈ ವೈದ್ಯರು ರಜೆಯ ಮೇಲೆ ಹೋದರೆ ಅದೇ ರೋಗವನ್ನು ಬಲ್ಲ ಮತ್ತೊಬ್ಬರುಂಟೇ? ಮೂರು ಪ್ರಶ್ನೆಗಳಲ್ಲಿ ಶಾಲೆಗೂ ವೈದ್ಯರಿಗೂ ಸಮಾಧಾನದ ಉತ್ತರ ಬಂದಿತು. ಕೆಲಸದ ವಿಷಯದಲ್ಲಿ ಬರಲಿಲ್ಲ. ಆದುದರಿಂದ ಎರಡು ವರ್ಷದೊಳಗೆ ಬೇಕೆಂದರೆ ಬೆಂಗಳೂರಿಗೆ ಮರಳಬಹುದೆಂಬುದನ್ನು ಕಚೇರಿಯಿಂದ ಬರಹದಲ್ಲಿ ಪಡೆದೆವು. ಬಾಯಿಮಾತಿನಲ್ಲಿ ಅವರು ಮೊದಲೇ ಒಪ್ಪಿದ್ದರು. ಆದರೆ ಮಾತು ಕೊಟ್ಟ ಅಧಿಕಾರಿಗಳೂ ಮನುಷ್ಯರೇ, ಅವರಿಗೂ ವರ್ಗವಾಗುತ್ತದೆ.

ಡಿಸೆಂಬರಿನಲ್ಲಿ ನಾವಿಬ್ಬರು ಎರಡು ದಿನ ಹೋಗಿಬಂದೆವು. ಹವೆ ಹಿತವಾಗಿತ್ತು. ಬೆಣ್ಣೆದೋಸೆಯನ್ನು ತಿಂದೆವು, ಕುಂದವಾಡದ ಕೆರೆಯ ಏರಿಯ ಮೇಲೆ ನಡೆದೆವು, ಹರಿಹರಕ್ಕೆ ಹೋಗಿ ಹೊಯ್ಸಳರ ಕಾಲದ ಹರಿಹರೇಶ್ವರನ ಗುಡಿಯನ್ನು ಕಂಡೆವು. ದಿನಸಿ ಅಂಗಡಿಯ ಯಜಮಾನರು ಮುಖಪರಿಚಯವಿಲ್ಲದಿದ್ದರೂ ‘ಬರ್ರಿ, ಕೂಡ್ರಿ’ ಎಂದು ಸ್ಟೂಲು ಸರಿಸಿದರು. ಬೆಂಗಳೂರಿಗೆ ಮರಳಿ ಎಲ್ಲರ ಮುಂದೆ ಊರನ್ನು ಹೊಗಳಿದೆವು. ಪಕ್ಕದ ಮನೆಯ ಹಿರಿಯರೊಬ್ಬರು ಪೂರ್ತಿ ಕೇಳಿ, ‘ನೀವು ನೋಡಿದ್ದು ಊರಿನ ಹಬ್ಬವನ್ನು. ಅದರ ಬೇಸಗೆಯನ್ನು ನೋಡಿದಿರಾ?’ ಎಂದರು. ದೂರದ ಬೆಟ್ಟ ನುಣ್ಣಗೆ ಎಂಬ ಗಾದೆಯನ್ನು ಎಷ್ಟೋ ಸಲ ಇತರರಿಗೆ ಹೇಳಿದವರು ನಾವು.

ಆ ಮಾತಿನ ಮೇಲೆ ಏಪ್ರಿಲ್ ತಿಂಗಳಲ್ಲಿ ನಾಲ್ವರೂ ಹೊರಟು, ಒಂದು ಮನೆಯ ಎರಡು ಕೋಣೆಗಳನ್ನು ಎಂಟು ದಿನಕ್ಕೆ ಬಾಡಿಗೆಗೆ ಹಿಡಿದೆವು. ಅತಿಥಿಗಳಂತೆ ಇರಬಾರದೆಂದು ನಿಶ್ಚಯಿಸಿ, ನಾವೇ ಅಡುಗೆ ಮಾಡಿದೆವು, ನಾವೇ ತರಕಾರಿ ತಂದೆವು. ಶಾಲೆಯ ಹೊತ್ತಿಗೆ ಶಾಲೆಯವರೆಗೂ ಕಚೇರಿಯ ಹೊತ್ತಿಗೆ ಕಚೇರಿಯವರೆಗೂ ನಡೆದು ನೋಡಿದೆವು. ಕಚೇರಿಗೆ ಹಿಡಿದುದು 18 ನಿಮಿಷ.

ಬಿಸಿಲಿನ ಸಂಗತಿ ಆಗ ತಿಳಿಯಿತು. ಬೆಂಗಳೂರು ಸಮುದ್ರಮಟ್ಟಕ್ಕೆ ಸುಮಾರು 900 ಮೀಟರು ಮೇಲಿದೆ. ದಾವಣಗೆರೆ ಸುಮಾರು 600. ನೂರು ಮೀಟರು ಇಳಿದರೆ ಅರ್ಧ ಡಿಗ್ರಿಗಿಂತ ತುಸು ಹೆಚ್ಚು ಶಾಖ ಏರುವುದೆಂಬುದು ಸಾಮಾನ್ಯ ಲೆಕ್ಕ. ಅದರ ಮೇಲೆ ಇದು ಘಟ್ಟದ ಮಳೆಯ ನೆರಳಿನಲ್ಲಿರುವ ಬಯಲುಸೀಮೆ. ಮಧ್ಯಾಹ್ನ ತಾರಸಿಯ ಕೆಳಗಿನ ಕೋಣೆಯಲ್ಲಿ ಕುಳಿತಿರುವುದೇ ಸಾಹಸವಾಯಿತು. ನೀರಿನ ಸಂಗತಿಯೂ ತಿಳಿಯಿತು. ಕೆರೆಗಳಿಗೆ ಭದ್ರಾ ನಾಲೆಯಿಂದ ನೀರು ಬರಬೇಕು. ನಾಲೆಯಲ್ಲಿ ನೀರು ಹರಿಯುವುದು ಸರದಿಯ ಮೇಲೆ. ನಾವಿದ್ದ ಬೀದಿಯಲ್ಲಿ ಆ ಎಂಟು ದಿನಗಳಲ್ಲಿ ನಲ್ಲಿ ಬಂದುದು ಎರಡೇ ಸಲ. ನಮ್ಮ ಮನೆಯ ಯಜಮಾನಿತಿ ನಗುತ್ತ, ‘ಬಾಡಿಗೆ ಮನೆ ನೋಡೋವಾಗ ಪಡಸಾಲೆ ಎಷ್ಟು ದೊಡ್ಡದು ಅಂತ ಕೇಳಬೇಡ್ರಿ, ಸಂಪು ಎಷ್ಟು ದೊಡ್ಡದು ಅಂತ ಕೇಳ್ರಿ’ ಎಂದರು. ಯಾವ ದಲ್ಲಾಳಿಯೂ ಹೇಳಿರದ ಮಾತು.

ಮೂರನೆಯ ರಾತ್ರಿ ನಡೆದುದನ್ನು ಹೇಳದಿದ್ದರೆ ಈ ಭಾಷಣ ಸುಳ್ಳಾಗುವುದು. ಬೆಳಗಿನ ಜಾವ ಎಚ್ಚರವಾಗಿ ನೋಡಿದರೆ ತಾಯಿಯವರ ಹಾಸಿಗೆ ಬರಿದಾಗಿತ್ತು. ಬಚ್ಚಲುಮನೆಗೆಂದು ಎದ್ದವರು ದಾರಿ ತಪ್ಪಿ, ನಡುವಣ ಕೋಣೆಯಲ್ಲಿ ಗೋಡೆಗೆ ಎರಡು ಅಂಗೈಗಳನ್ನೂ ಊರಿ ನಿಂತಿದ್ದರು. ಎಷ್ಟು ಹೊತ್ತಿನಿಂದ ಎಂದು ಕೇಳಿದರೆ ಹೇಳಲಿಲ್ಲ. ಮಕ್ಕಳಿಗೆ ನಿದ್ದೆಗೆಡಬಾರದೆಂದು ಕೂಗಲೂ ಇಲ್ಲ. ಆ ಬೆಳಗ್ಗೆ ನಾವು ಗಂಟುಮೂಟೆ ಕಟ್ಟಲು ಮೊದಲು ಮಾಡಿದೆವು. ವಿಚಾರ ಮುಗಿಯಿತು, ಬೆಂಗಳೂರಿನಲ್ಲಿಯೇ ಇರುವುದೆಂದು ತಾಯಿಯವರಿಗೆ ತಿಳಿಸಿದೆವು.

ಅವರು ಕಾಫಿ ಮುಗಿಸಿ ಹೇಳಿದರು: ‘ಆ ಮನೆಯನ್ನು ನಾನು ಕಲಿತದ್ದು ಕಣ್ಣಿದ್ದಾಗ. ಈಗಲೂ ಅಷ್ಟೋ ಇಷ್ಟೋ ಕಾಣುತ್ತದೆ. ಇನ್ನೊಂದು ಮನೆಯನ್ನು ಕಲಿಯಬೇಕಾದರೆ ಈಗ ಕಲಿಯಬೇಕು. ಇನ್ನೆರಡು ವರ್ಷ ಬಿಟ್ಟು ಮತ್ತೆಲ್ಲಿಗೋ ಹೊರಡುವ ಕಾಲ ಬಂದರೆ ನನ್ನಿಂದಾಗುವುದಿಲ್ಲ. ನನಗೋಸ್ಕರ ಇರುತ್ತೇವೆ ಎಂದು ಹೇಳಬೇಡಿ. ಹೋಗುವುದಾದರೆ ಈಗ ಹೋಗೋಣ. ಇಲ್ಲವಾದರೆ ನಾನಿರುವವರೆಗೆ ಆ ಮಾತೆತ್ತಬೇಡಿ.’

ನಾವು ಅಲ್ಲಿಯವರೆಗೆ ಇರುವುದನ್ನು ಖರ್ಚಿಲ್ಲದ ದಾರಿಯೆಂದು ಬಗೆದಿದ್ದೆವು. ಹೊರಡುವುದಕ್ಕೆ ಮಾತ್ರ ಬೆಲೆಯುಂಟು, ಮುಂದಕ್ಕೆ ಹಾಕುವುದಕ್ಕೆ ಇಲ್ಲವೆಂಬುದು ನಮ್ಮ ಎಣಿಕೆ. ತಾಯಿಯವರ ಮಾತಿನಿಂದ ಅದು ತಪ್ಪೆಂದು ಗೊತ್ತಾಯಿತು. ಇರುವುದಕ್ಕೂ ಬೆಲೆಯುಂಟು; ಕೆಲವರ ಪಾಲಿಗೆ ಅದು ವರ್ಷದಿಂದ ವರ್ಷಕ್ಕೆ ಏರುತ್ತ ಹೋಗುವುದು. ಮಗಳ ವಿಷಯದಲ್ಲಿಯೂ ಹಾಗೆಯೇ: ಒಂಬತ್ತನೆಯ ತರಗತಿಗೆ ಶಾಲೆ ಬದಲಿಸಬಹುದು, ಹತ್ತನೆಯ ತರಗತಿಯ ನಡುವೆ ಬದಲಿಸುವುದು ಕಷ್ಟ. ಉಳಿದ ಐದು ದಿನಗಳಲ್ಲಿ ಬಾಡಿಗೆ ಮನೆಗಳನ್ನು ನೋಡಿದವರು ತಾಯಿಯವರು. ಗೋಡೆ ಮುಟ್ಟಿ, ಹೆಜ್ಜೆ ಎಣಿಸಿ, ನಾಲ್ಕು ಮನೆಗಳನ್ನು ಬೇಡವೆಂದು, ಮೆಟ್ಟಿಲಿಲ್ಲದ ಐದನೆಯದನ್ನು ಒಪ್ಪಿದರು. ಅದರ ಸಂಪೂ ದೊಡ್ಡದಾಗಿತ್ತು.

ಜೂನ್ ತಿಂಗಳಲ್ಲಿ ಬಿಡಾರ ಬದಲಿಸಿದೆವು. ಬೆಂಗಳೂರಿನ ಮನೆಯನ್ನು ಮಾರಲಿಲ್ಲ, ಬಾಡಿಗೆಗೆ ಕೊಟ್ಟೆವು. ಹೊಸ ಊರಿನಲ್ಲಿ ಒಂದು ವರ್ಷ ಕಳೆಯುವವರೆಗೆ ನಿವೇಶನವನ್ನಾಗಲಿ ಮನೆಯನ್ನಾಗಲಿ ಕೊಳ್ಳಬಾರದೆಂಬ ನಿಯಮವನ್ನು ಹಾಕಿಕೊಂಡೆವು. ಈಗ ಹತ್ತು ತಿಂಗಳಾಗಿವೆ. ತಾಯಿಯವರು ದೇವರ ಮನೆಯಿಂದ ಬಚ್ಚಲಿಗೆ ಹದಿನಾಲ್ಕು ಹೆಜ್ಜೆಯೆಂದು ಹೇಳಿ, ರಾತ್ರಿಯಲ್ಲಿ ದೀಪವಿಲ್ಲದೆ ಓಡಾಡುತ್ತಾರೆ. ಮೂರು ತಿಂಗಳಿಗೊಮ್ಮೆ ಕಣ್ಣಿನ ಒತ್ತಡವನ್ನು ಇಲ್ಲಿಯೇ ನೋಡಿಸುತ್ತೇವೆ. ವರ್ಷಕ್ಕೊಮ್ಮೆ ಬೆಂಗಳೂರಿನ ಹಳೆಯ ವೈದ್ಯರಲ್ಲಿಗೆ ಕರೆದುಕೊಂಡು ಹೋಗುವುದೆಂದು ಮಾತಾಗಿದೆ. ರೈಲಿನಲ್ಲಿ ಅದು ಒಂದು ಹಗಲಿನ ಕೆಲಸ. ಮಗಳು ಮಾತ್ರ ನಮ್ಮನ್ನು ಪೂರ್ತಿಯಾಗಿ ಕ್ಷಮಿಸಿಲ್ಲ. ಅವಳ ಗೆಳತಿಯರು ಬೆಂಗಳೂರಿನಲ್ಲಿದ್ದಾರೆ. ರಾತ್ರಿಯ ಊಟವಾದ ಮೇಲೆ ಅವಳ ಮನಸ್ಸೂ ಅಲ್ಲಿಯೇ ಇರುತ್ತದೆ. ಅವಳ ನಷ್ಟವನ್ನು ಯಾವ ಲಾಭದ ಮುಂದೆಯೂ ಇಟ್ಟು ಸರಿದೂಗಿಸಲು ನಾವು ಯತ್ನಿಸುವುದಿಲ್ಲ. ಅದು ನಷ್ಟವೆಂದು ಒಪ್ಪಿಕೊಂಡಿದ್ದೇವೆ; ಅವಳಿಗೂ ಹಾಗೆಯೇ ಹೇಳಿದ್ದೇವೆ.

ಕೇಳುಗರಲ್ಲಿ ಯಾರಾದರೂ ಇಂಥ ಆಲೋಚನೆಯಲ್ಲಿದ್ದರೆ ಅವರಿಗೆ ನಮ್ಮ ಬಿನ್ನಹವಿಷ್ಟು. ಊರನ್ನು ಅದರ ಕಷ್ಟದ ತಿಂಗಳಲ್ಲಿ ನೋಡಿರಿ. ಅತಿಥಿಗಳಾಗಿ ಎರಡು ದಿನ ಇರುವುದಕ್ಕಿಂತ ಒಕ್ಕಲಾಗಿ ಎಂಟು ದಿನ ಇರಿ. ಏನುಂಟೆಂದು ಕೇಳಿ ತೃಪ್ತರಾಗದೆ, ಎರಡನೆಯದುಂಟೇ ಎಂದು ಕೇಳಿರಿ. ಹಿಂತಿರುಗುವ ದಾರಿಯನ್ನು ಕೆಲಕಾಲ ತೆರೆದಿಡಿರಿ. ಎಲ್ಲಕ್ಕಿಂತ ಮೊದಲು, ಮನೆಯಲ್ಲಿ ಯಾರು ಅತಿ ಹೆಚ್ಚು ಕಳೆದುಕೊಳ್ಳುವರೋ ಅವರನ್ನು ಕೇಳಿರಿ. ಅವರ ಪರವಾಗಿ ನೀವೇ ಬೇಡವೆಂದುಬಿಡುವುದನ್ನು ಕನಿಕರವೆಂದು ತಿಳಿಯಬೇಡಿರಿ. ಅವರು ಇರೋಣವೆಂದರೆ ಇರುವುದೇ ಸರಿಯಾಗಬಹುದು. ನಮ್ಮ ತಾಯಿಯವರು ಹಾಗೆಂದಿದ್ದರೆ ನಾವು ಈ ಹೊತ್ತು ಬೆಂಗಳೂರಿನಲ್ಲಿರುತ್ತಿದ್ದೆವು.

ಮತ್ತೆ ಏಪ್ರಿಲ್ ಬಂದಿದೆ. ಹೊರಗೆ ಬಿಸಿಲು ಸುಡುತ್ತಿದೆ. ಇಂದು ನಮ್ಮ ಬೀದಿಗೆ ನೀರು ಬರುವ ದಿನವಾದುದರಿಂದ, ತಮ್ಮೆಲ್ಲರ ಅಪ್ಪಣೆ ಪಡೆದು ಇಲ್ಲಿಗೆ ಮುಗಿಸುತ್ತೇವೆ.